ಬಿಡುವಿನ ಸಮಯ ಯಾರ ಲೆಕ್ಕಕ್ಕೆ? ಓಪನ್ ಸೋರ್ಸ್, ನೌಕರಿ ಮತ್ತು ಮನೆ

2025ರ ನವೆಂಬರ್‌ನಲ್ಲಿ, ಬಹಳಷ್ಟು ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ಓಡಿಸಲು ಬಳಸುವ ಕುಬರ್ನೆಟಿಸ್ ಯೋಜನೆಯವರು ಒಂದು ಪ್ರಕಟಣೆ ಹೊರಡಿಸಿದರು. ಇಂಗ್ರೆಸ್ ಎನ್‌ಜಿನ್‌ಎಕ್ಸ್ ಅನ್ನುವ ಸಾಫ್ಟ್‌ವೇರನ್ನು 2026ರ ಮಾರ್ಚ್‌ವರೆಗೆ ಆದಷ್ಟು ನೋಡಿಕೊಳ್ಳುತ್ತೇವೆ, ಆಮೇಲೆ ಹೊಸ ರಿಲೀಸ್ ಇಲ್ಲ, ಬಗ್ ರಿಪೇರಿ ಇಲ್ಲ, ಸೆಕ್ಯೂರಿಟಿ ಪ್ಯಾಚ್ (ಭದ್ರತೆಯ ತೂತು ಮುಚ್ಚುವ ತಿದ್ದುಪಡಿ) ಕೂಡ ಇಲ್ಲ ಅಂತ. ಈ ಹೆಸರು ಕೇಳದವರಿಗೆ ಒಂದು ಮಾತು: ಹೊರಗಿನ ಇಂಟರ್ನೆಟ್‌ನಿಂದ ಬರುವ ಕೋರಿಕೆಗಳನ್ನು ಒಳಗಿನ ಸರಿಯಾದ ಸರ್ವರ್‌ಗೆ ದಾಟಿಸುವುದು ಇದರ ಕೆಲಸ. ದೊಡ್ಡ ದೊಡ್ಡ ಕಂಪನಿಗಳು ಇದನ್ನು ನಂಬಿಕೊಂಡಿದ್ದವು. ಪ್ರಕಟಣೆಯಲ್ಲಿ ಕಾರಣವನ್ನೂ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಎಷ್ಟೋ ವರ್ಷಗಳಿಂದ ಇದರ ಕೋಡ್ ಬರೆಯುತ್ತಿದ್ದವರು ಒಬ್ಬರೋ ಇಬ್ಬರೋ, ಅದೂ ಆಫೀಸು ಮುಗಿದ ಮೇಲೆ ಮತ್ತು ಶನಿವಾರ ಭಾನುವಾರ, ತಮ್ಮ ಸ್ವಂತ ಸಮಯದಲ್ಲಿ.

ಸುದ್ದಿ ಓದಿದವರು ಮುಂದೆ ಯಾವುದಕ್ಕೆ ಬದಲಾಯಿಸುವುದು ಅಂತ ತಲೆ ಕೆಡಿಸಿಕೊಂಡರು. ನನ್ನನ್ನು ಕಾಡಿದ್ದು ಆ 'ಸ್ವಂತ ಸಮಯ'. ಒಬ್ಬ ಮನುಷ್ಯ ರಾತ್ರಿ ಎರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತರೆ ಮನೆಯ ಕೆಲಸವೇನೂ ಅಷ್ಟು ಹೊತ್ತು ಕಾಯುತ್ತಾ ನಿಲ್ಲುವುದಿಲ್ಲ. ಪಾತ್ರೆ ತೊಳೆದಿರುತ್ತಾರೆ, ಮಗುವನ್ನು ಮಲಗಿಸಿರುತ್ತಾರೆ, ಅಪ್ಪನಿಗೆ ಬಿಪಿ ಮಾತ್ರೆ ಕೊಟ್ಟಿರುತ್ತಾರೆ. ಯಾರೋ ಮಾಡಿರುತ್ತಾರೆ, ಅಷ್ಟೆ.

ಯಾರು ಬೇಕಾದರೂ ಓದಿ, ಬಳಸಿ, ತಿದ್ದಬಹುದಾದ ಇಂಥ ಓಪನ್ ಸೋರ್ಸ್ ಸಾಫ್ಟ್‌ವೇರಿನ ಕೆಲಸ ಮತ್ತು ಸಂಸಾರ ಎರಡನ್ನೂ ತೂಗಿಸಿಕೊಂಡು ಹೋಗುವುದು ಹೇಗೆ ಅಂತ ಕೇಳಿದರೆ ಎಲ್ಲರೂ ಟೈಮ್ ಮ್ಯಾನೇಜ್‌ಮೆಂಟ್ ಪಾಠ ಶುರು ಮಾಡುತ್ತಾರೆ. ಬೆಳಿಗ್ಗೆ ಐದಕ್ಕೆ ಏಳಿ, ಫೋನ್ ದೂರ ಇಡಿ, ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಇದು ಒಬ್ಬನ ಶಿಸ್ತಿನ ಪ್ರಶ್ನೆ ಅಂತ ನನಗೆ ಅನಿಸುವುದಿಲ್ಲ. ಖರ್ಚು ಒಂದು ಕಡೆ, ಲಾಭ ಇನ್ನೊಂದು ಕಡೆ ಬೀಳುತ್ತಿದೆ. ಖರ್ಚು ಬೀಳುವುದು ಹೆಚ್ಚಾಗಿ ಮನೆಯ ಮೇಲೆ, ಅದರಲ್ಲೂ ಮನೆಯ ಹೆಂಗಸರ ಮೇಲೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಓಪನ್ ಸೋರ್ಸ್ ಎಲ್ಲವೂ ಪುಕ್ಕಟೆ ಸೇವೆ ಅಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಬರುವ ಬಹುಪಾಲು ಕೋಡ್ ಬರೆಯುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳಲ್ಲಿ ಸಂಬಳ ಪಡೆಯುವವರು. ಕಷ್ಟ ಇರುವುದು ಯಾರ ಕಣ್ಣಿಗೂ ಬೀಳದ ಸಣ್ಣ ಲೈಬ್ರರಿಗಳಲ್ಲಿ, ಅಂದರೆ ಬೇರೆ ಸಾಫ್ಟ್‌ವೇರ್‌ಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಕೋಡ್‌ಗಳಲ್ಲಿ: ಫೈಲ್ ಕುಗ್ಗಿಸುವುದು, ದಿನಾಂಕ ಲೆಕ್ಕ ಹಾಕುವುದು, ಎಕ್ಸ್‌ಎಂಎಲ್ ಓದುವುದು ಇಂಥವು. 2024ರಲ್ಲಿ ಟೈಡ್‌ಲಿಫ್ಟ್ ಕಂಪನಿ ಮೇಂಟೇನರ್‌ಗಳನ್ನು, ಅಂದರೆ ಇಂಥ ಕೋಡನ್ನು ನೋಡಿಕೊಳ್ಳುವವರನ್ನು, ಕೇಳಿದಾಗ 60% ಜನ ನಮಗೆ ಇದರಿಂದ ದುಡ್ಡು ಬರುವುದಿಲ್ಲ ಅಂದರು. ಅದೇ ವರ್ಷ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಒಂದು ಅಧ್ಯಯನ ಇನ್ನೊಂದು ಲೆಕ್ಕ ಹಾಕಿತು. ಓಪನ್ ಸೋರ್ಸ್ ಅನ್ನುವುದೇ ಇಲ್ಲದಿದ್ದರೆ, ಅದನ್ನು ಬಳಸುವ ಕಂಪನಿಗಳು ತಾವೇ ಬರೆಸಿಕೊಳ್ಳಲು 8.8 ಲಕ್ಷ ಕೋಟಿ ಡಾಲರ್ ಸುರಿಯಬೇಕಿತ್ತಂತೆ. ಆ ಮೌಲ್ಯದ 96% ಬಂದಿರುವುದು ಬರೀ 5% ಡೆವಲಪರ್‌ಗಳಿಂದ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಹಳ ಕಡಿಮೆ ಜನ, ಬಹಳ ದೊಡ್ಡ ಭಾರ, ಮತ್ತು ಆ ಕೆಲಸ ಮಾಡುವವರಲ್ಲಿ ಎಷ್ಟೋ ಜನರಿಗೆ ಒಂದು ರೂಪಾಯಿಯೂ ಇಲ್ಲ.

ಈ ಕೆಲಸ ಅಂದರೆ ಕೋಡ್ ಬರೆಯುವುದು ಅಂತ ಹೊರಗಿನವರು ತಿಳಿದುಕೊಂಡಿರುತ್ತಾರೆ. ಕೋಡ್ ಬರೆಯುವುದು ಅದರ ಸುಖದ ಭಾಗ. ಉಳಿದದ್ದು ಹೇಗಿರುತ್ತದೆ ಅಂತ ಹೇಳುತ್ತೇನೆ.

ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತನೊಬ್ಬ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಕೊರೊನಾ ಕಾಲದಲ್ಲಿ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ತೋಟ ಇದೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಇಬ್ಬರು ಮಕ್ಕಳು. ಪಿಡಿಎಫ್ ಫೈಲಿನಿಂದ ಟೇಬಲ್‌ಗಳನ್ನು ಹೊರತೆಗೆಯುವ ಒಂದು ಪೈಥಾನ್ ಲೈಬ್ರರಿ ಅವನದ್ದು. ತನಗೆ ಬೇಕು ಅಂತ ಬರೆದದ್ದು, ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ಗೆ ಹಾಕಿದ, ಯಾರ್ಯಾರೋ ಬಳಸತೊಡಗಿದರು. ಕಳೆದ ಸುಗ್ಗಿಯಲ್ಲಿ ಅವನ ಮನೆಗೆ ಹೋಗಿದ್ದೆ. ರಾತ್ರಿ ಒಂಬತ್ತೂವರೆ ಇರಬಹುದು. ಜಗಲಿ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವವರು, ಹಿತ್ತಲಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಒಲೆಗೆ ಕಟ್ಟಿಗೆ ನೂಕುವುದಕ್ಕೆ ಒಬ್ಬರು ಬೇಕೇ ಬೇಕು. ಇವನು ಒಳಗೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಯಾರೋ ಹಾಕಿದ ಹಳೇ ಇಶ್ಯೂ (ದೂರು) ಒಂದರ ಕೆಳಗೆ ಮತ್ತೆ 'ಎನಿ ಅಪ್‌ಡೇಟ್?' ಅಂತ ಬಂದಿತ್ತು. ಕೇಳಿದವರು ಯಾವುದೋ ದೇಶದ ಕಂಪನಿಯವರು, ತಮ್ಮ ಬಿಲ್ಲಿಂಗ್ ಸಿಸ್ಟಂ ಇದರಿಂದ ನಿಂತಿದೆ ಅಂತ ಬೇರೆ ಬರೆದಿದ್ದರು. ಅವನ ಹೆಂಡತಿ ಕೈಯಲ್ಲಿ ಮೊರ ಹಿಡಿದು ಬಾಗಿಲಲ್ಲಿ ನಿಂತರು.

"ದುಡ್ಡಿನ ಕೆಲಸ ಆರು ಗಂಟೆಗೇ ಮುಗೀತಲ್ಲ. ಇದ್ಯಾರ ಮನೆ ಕೆಲಸ ಮಾರಾಯ್ರೇ?"

"ಒಂದೇ ರಿಪ್ಲೈ ಹಾಕಿ ಬಂದೆ, ಇರು" ಅಂದ.

ಆ ಒಂದು ರಿಪ್ಲೈಗೆ ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಅವರು ಕಳಿಸಿದ ಫೈಲ್ ಇಳಿಸಿಕೊಳ್ಳಬೇಕು, ನೆಟ್‌ವರ್ಕ್ ಕೈ ಕೊಡುತ್ತದೆ. ಅವರು ಯಾವ ವರ್ಷನ್ ಬಳಸುತ್ತಿದ್ದಾರೆ ಅಂತ ಬರೆದಿಲ್ಲ, ಊಹಿಸಬೇಕು. ಹಳೆಯ ವರ್ಷನ್ ಹಾಕಿ ನೋಡಿದರೆ ಬಗ್ ಕಾಣುತ್ತದೆ, ಹೊಸದರಲ್ಲಿ ಇಲ್ಲ. ಅಂದರೆ ಅಪ್‌ಡೇಟ್ ಮಾಡಿಕೊಳ್ಳಿ ಅಂತ ಹೇಳಬೇಕು, ಆದರೆ ಒರಟಾಗಿ ಕಾಣಬಾರದು, ಎರಡು ಸಲ ತಿದ್ದಿ ಬರೆಯಬೇಕು. ಅಷ್ಟರಲ್ಲಿ ಒಲೆಯ ಹತ್ತಿರ ಹೋದವರು ಅವನ ಹೆಂಡತಿಯೇ. ಕೋಡ್ ಅಂತ ಒಂದು ಸಾಲೂ ಬರೆದಿರಲಿಲ್ಲ ಇವನು!

ಈಚೆಗೆ ಇದಕ್ಕೆ ಎಐ ಕಾಟ ಸೇರಿಕೊಂಡಿದೆ. ಕರ್ಲ್ ಗೊತ್ತಲ್ವಾ, ಫೋನಿನಿಂದ ಕಾರಿನವರೆಗೆ ಎಲ್ಲದರಲ್ಲೂ ಕೂತಿರುವ ಡೌನ್‌ಲೋಡ್ ಸಾಧನ. ಸೆಕ್ಯೂರಿಟಿ ದೋಷ ಹುಡುಕಿಕೊಟ್ಟವರಿಗೆ ಅವರು ಬಹುಮಾನ ಕೊಡುತ್ತಿದ್ದರು. ಎಐ ಬಳಸಿ ಹೊಸೆದ ಸುಳ್ಳು ರಿಪೋರ್ಟ್‌ಗಳು ರಾಶಿ ಬಿದ್ದು, ಅದರ ಮುಖ್ಯಸ್ಥ ಡೇನಿಯಲ್ ಸ್ಟೆನ್‌ಬರ್ಗ್ ರೋಸಿಹೋಗಿ 2026ರ ಜನವರಿ ಕೊನೆಗೆ ಆ ಬಹುಮಾನವನ್ನೇ ನಿಲ್ಲಿಸಿದರು. ರಿಪೋರ್ಟ್ ಬರೆಯುವುದಕ್ಕೆ ಒಂದು ನಿಮಿಷ ಸಾಕು, ಅದು ಸುಳ್ಳು ಅಂತ ತೋರಿಸುವುದಕ್ಕೆ ಗಂಟೆಗಟ್ಟಲೆ ಬೇಕು. ಆ ಗಂಟೆಗಳೂ ಯಾರದೋ ಮನೆಯಿಂದಲೇ ಬರಬೇಕು.

ಒಂಟಿ ಮೇಂಟೇನರ್ ಸುಸ್ತಾದರೆ ಏನಾಗುತ್ತದೆ ಅನ್ನುವುದಕ್ಕೆ ಎಕ್ಸ್‌ಝಡ್ ಯುಟಿಲ್ಸ್ ಕಥೆಗಿಂತ ಬೇರೆ ಬೇಕಿಲ್ಲ. ಇದು ಫೈಲ್ ಕುಗ್ಗಿಸುವ ಸಾಧನ, ಲಿನಕ್ಸ್ ಇರುವ ಕಡೆಯಲ್ಲೆಲ್ಲ ಇದೆ. ಲಾಸ್ಸೆ ಕೊಲಿನ್ ಎಂಬುವರು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಸಂಬಳ ಇಲ್ಲದೆ. 2022ರಲ್ಲಿ ಯೋಜನೆಯ ಮೇಲ್‌ಗಳಲ್ಲಿ ಅಪರಿಚಿತರು ಕಾಣಿಸಿಕೊಂಡು ಒತ್ತಡ ಹಾಕತೊಡಗಿದರು. ಪ್ಯಾಚ್‌ಗಳು ಕೊಳೆಯುತ್ತಿವೆ, ನಿಮಗೆ ಆಸಕ್ತಿ ಇಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ಕೊಲಿನ್ ಆಗ ಕೊಟ್ಟ ಉತ್ತರ ಓದಿದರೆ ಸಂಕಟವಾಗುತ್ತದೆ. ಆಸಕ್ತಿ ಹೋಗಿಲ್ಲ, ಬಹಳ ದಿನಗಳ ಮಾನಸಿಕ ಆರೋಗ್ಯದ ತೊಂದರೆಯಿಂದ ಕೈಲಾಗುತ್ತಿಲ್ಲ, ಇದು ದುಡ್ಡಿಲ್ಲದ ಹವ್ಯಾಸದ ಕೆಲಸ ಅನ್ನುವುದನ್ನು ನೆನಪಿಡಿ ಅಂತ ಅವರು ಹೇಳಿಕೊಂಡಿದ್ದರು. ಅದೇ ಹೊತ್ತಿಗೆ 'ಜಿಯಾ ಟಾನ್' ಅನ್ನುವ ಹೆಸರಿನವರು ಬಹಳ ಸೌಜನ್ಯದಿಂದ ನೆರವಿಗೆ ನಿಂತಿದ್ದರು. ನಂಬಿಕೆ ಬೆಳೆಯಿತು, ರಿಲೀಸ್ ಮಾಡುವ ಅಧಿಕಾರವೂ ಸಿಕ್ಕಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನ ಎರಡು ರಿಲೀಸ್‌ಗಳಲ್ಲಿ, ಅಂದರೆ 5.6.0 ಮತ್ತು 5.6.1ರಲ್ಲಿ, ಸರ್ವರ್‌ಗಳೊಳಗೆ ಕಳ್ಳದಾರಿಯಲ್ಲಿ ನುಗ್ಗುವ ಕೋಡ್ ಅಡಗಿ ಕೂತಿತು.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಮೈಕ್ರೋಸಾಫ್ಟ್‌ನ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೇರೆ ಏನನ್ನೋ ಪರೀಕ್ಷಿಸುತ್ತಿದ್ದಾಗ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದು ಕಂಡಿತು. ಯಾಕೆ ಅಂತ ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ವಿಷಯ ಬಯಲು ಮಾಡಿದರು. ಹೆಚ್ಚಿನ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲ, ಬಚಾವಾದೆವು. ಈ ಕಥೆಯನ್ನು ಎಲ್ಲರೂ ಸೆಕ್ಯೂರಿಟಿ ಪಾಠ ಅಂತ ಹೇಳುತ್ತಾರೆ. ದಾಳಿ ಮಾಡಿದವರು ಮೊದಲು ಮುರಿದದ್ದು ಯಾವ ಪಾಸ್‌ವರ್ಡನ್ನೂ ಅಲ್ಲ ಅನ್ನುವುದನ್ನು ಮಾತ್ರ ಮರೆಯುತ್ತಾರೆ. ಮನೆಯಲ್ಲಿ ಕೂತು ಒಬ್ಬನೇ ದುಡಿಯುತ್ತಿದ್ದವನಿಗೆ 'ನೀನು ಸಾಕಷ್ಟು ಮಾಡುತ್ತಿಲ್ಲ' ಅನ್ನುವ ಅಳುಕು ಹುಟ್ಟಿಸಿದರು. ಅದೇ ಅಳುಕು ನನ್ನ ಸ್ನೇಹಿತನನ್ನೂ ಅಡಿಕೆ ಸುಗ್ಗಿಯ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂರಿಸುತ್ತದೆ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರನ್ನು ನೋಡಿಕೊಳ್ಳುವುದು ಬೇರೆ ಲೆಕ್ಕ, ಅಲ್ಲಿ ಹೆಂಗಸರಿಗೆ 137 ನಿಮಿಷ, ಗಂಡಸರಿಗೆ 75. ಬರೀ ಮನೆಗೆಲಸದ ಅಂತರವೇ ಮೂರು ಗಂಟೆಗಿಂತ ಜಾಸ್ತಿ. ರಾತ್ರಿ ಊಟ ಆದ ಮೇಲೆ ಗಿಟ್‌ಹಬ್ ತೆರೆಯುವುದಕ್ಕೆ ಯಾರಿಗೆ ಪುರಸೊತ್ತು ಇರುತ್ತದೆ, ಹೇಳಿ. 2017ರಲ್ಲಿ ಗಿಟ್‌ಹಬ್ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರಲ್ಲಿ 95% ಗಂಡಸರು, 3% ಹೆಂಗಸರು. ಹೆಂಗಸರಿಗೆ ಆಸಕ್ತಿ ಇಲ್ಲ ಅನ್ನುವವರು ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ತರಗತಿಗೆ ಒಮ್ಮೆ ಹೋಗಿ ನೋಡಬೇಕು. ಬೆಂಚುಗಳಲ್ಲಿ ಕೂತ ಆ ಹುಡುಗಿಯರು ಹತ್ತು ವರ್ಷ ಆದಮೇಲೆ ಎಲ್ಲಿ ಹೋದರು ಅನ್ನುವುದಕ್ಕೆ ಆ 289ರಲ್ಲಿ ಅರ್ಧ ಉತ್ತರ ಇದೆ.

ಅಂದರೆ 'ಬಿಡುವಿನ ಸಮಯದಲ್ಲಿ ಕೊಡುಗೆ ಕೊಡಿ' ಅಂತ ಕರೆಯುವುದೇ ಬಿಡುವು ಇರುವವರನ್ನು ಮಾತ್ರ ಒಳಗೆ ಬಿಡುತ್ತದೆ. ಮದುವೆ ಆಗದ, ಅಥವಾ ಆಗಿಯೂ ಮನೆಯ ಭಾರ ಇನ್ನೊಬ್ಬರ ಮೇಲೆ ಇರುವ ಗಂಡಸು. ಉಳಿದವರು ಬಂದರೂ ಮೊದಲ ಮಗು ಆದಮೇಲೆ ಮಾಯ.

ಮಲೆನಾಡಿನಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇದು ಇನ್ನೂ ಗೋಜಲು. 'ಮನೇಲೇ ಇರ್ತಾನಲ್ಲ' ಅನ್ನುವುದು ಇಲ್ಲಿನ ಸಾಮಾನ್ಯ ಮಾತು. ಮನೇಲೇ ಇರ್ತಾನೆ, ಹಾಗಾಗಿ ಸೊಸೈಟಿಗೆ ಹೋಗಿ ಬರಲಿ, ಮಂತ್ರಾಕ್ಷತೆಗೆ ಅವನೇ ಹೋಗಲಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದಿದ್ದಾನೆ ತೋಟದಲ್ಲಿ ನಿಲ್ಲಲಿ. ಮಳೆಗಾಲ ಹಿಡಿದರೆ ಕೊಳೆರೋಗದ ಭಯ, ಮಳೆ ಹೊಳವಾದ ಒಂದೆರಡು ದಿನದಲ್ಲೇ ಬೋರ್ಡೋ ಔಷಧಿ ಹೊಡೆಸಬೇಕು, ಆ ದಿನವೇ ಆಫೀಸಿನ ರಿಲೀಸ್ ಇರುತ್ತದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ. ಯುರೋಪಿನವರು ಸಂಜೆ ನಾಲ್ಕಕ್ಕೆ ಮೀಟಿಂಗ್ ಇಟ್ಟರೆ ಚಳಿಗಾಲದಲ್ಲಿ ನಮಗದು ರಾತ್ರಿ ಎಂಟೂವರೆ, ಮಕ್ಕಳಿಗೆ ಊಟ ಹಾಕುವ ಹೊತ್ತು. ಇಲ್ಲಿ ನೌಕರಿ, ಮನೆ, ತೋಟ ಅಂತ ಮೂರು ಆಗಲೇ ಇವೆ. ಓಪನ್ ಸೋರ್ಸ್ ನಾಲ್ಕನೆಯದು. ಸುಗ್ಗಿಯಲ್ಲಿ ನಾಲ್ಕನೆಯದು ಬೀಳಲೇಬೇಕು. ಬೀಳದಿದ್ದರೆ ಅನುಮಾನ ಪಡಿ, ಅದನ್ನು ಯಾರೋ ಹೆಗಲು ಕೊಟ್ಟು ನಿಲ್ಲಿಸಿದ್ದಾರೆ.

ನೌಕರಿ ಕೊಟ್ಟವರ ಕಡೆಯೂ ಒಂದು ತೊಡಕು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ ಮೊದಲ ಮಾಲೀಕ ನೌಕರಿ ಕೊಟ್ಟವನು. ಅದು ಸರಿ. ಆದರೆ ಎಷ್ಟೋ ಐಟಿ ಕಂಪನಿಗಳ ಆಫರ್ ಪತ್ರದಲ್ಲಿ ಷರತ್ತು ಇನ್ನೂ ಅಗಲವಾಗಿರುತ್ತದೆ: ನೀನು ಇಲ್ಲಿ ಇರುವಷ್ಟು ದಿನ ಏನು ಬರೆದರೂ ನಮ್ಮದು. 2022ರಲ್ಲಿ ಮೂನ್‌ಲೈಟಿಂಗ್ (ಒಂದು ನೌಕರಿಯಲ್ಲಿ ಇದ್ದುಕೊಂಡೇ ಇನ್ನೊಂದು ಮಾಡುವುದು) ಗಲಾಟೆ ಎದ್ದು, ಎದುರಾಳಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದೆವು ಅಂತ ವಿಪ್ರೋ ಹೇಳಿದ ಮೇಲೆ ಹುಡುಗರಿಗೆ ಭಯ ಜಾಸ್ತಿಯಾಯಿತು. ದುಡ್ಡಿಗೆ ಇನ್ನೊಂದು ನೌಕರಿ ಮಾಡುವುದು ಬೇರೆ, ದುಡ್ಡಿಲ್ಲದೆ ಸಾರ್ವಜನಿಕ ಕೋಡ್‌ಗೆ ಪ್ಯಾಚ್ ಕಳಿಸುವುದು ಬೇರೆ. ಎಚ್‌ಆರ್‌ನವರಿಗೆ ಎರಡೂ ಒಂದೇ ಥರ ಕಂಡರೆ ಆಶ್ಚರ್ಯವಿಲ್ಲ. ಹಾಗಾಗಿ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ, ಇಂಥ ಯೋಜನೆಗೆ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತೇನೆ, ಒಪ್ಪಿಗೆ ಕೊಡಿ ಅಂತ ಬರೆದು ಉತ್ತರ ಇಟ್ಟುಕೊಳ್ಳುವುದು ಒಳ್ಳೆಯದು. ಬಾಯಿಮಾತು ಬೇಡ.

ಇದರ ಮಧ್ಯೆ 2024ರಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ನಮ್ಮ ರಾಜ್ಯದಲ್ಲೇ ಬಂದು ನೌಕರರ ಸಂಘ ಬೀದಿಗಿಳಿದಿತ್ತು. ಹದಿನಾಲ್ಕು ಗಂಟೆ ದುಡಿದವನು ಓಪನ್ ಸೋರ್ಸ್ ಬಿಡಿ, ಮನೆಯವರ ಮುಖ ನೋಡಿದರೆ ಹೆಚ್ಚು.

ಹಾಗಾದರೆ ಯಾಕೆ ಮಾಡಬೇಕು, ಬಿಟ್ಟುಬಿಡಿ ಅನ್ನಬಹುದು. ನಾನು ಹಾಗೆ ಅನ್ನುವುದಿಲ್ಲ. ಕನ್ನಡದವರಾಗಿ ನಾವು ಹಾಗೆ ಅನ್ನುವ ಸ್ಥಿತಿಯಲ್ಲೂ ಇಲ್ಲ. ಮಾರುಕಟ್ಟೆಗೆ ಕನ್ನಡ ಬೇಕು ಅನಿಸುವ ಮೊದಲೇ ಕನ್ನಡದಲ್ಲಿ ಕೆಲಸ ಶುರು ಮಾಡಿದವರು ಹವ್ಯಾಸಿಗಳು. ಕನ್ನಡ ವಿಕಿಪೀಡಿಯ 2003ರಿಂದ ಹೀಗೇ ನಡೆದು ಬಂದಿದೆ. ಗುಬ್ಬಿ, ನವಿಲು ಅನ್ನುವ ಮುಕ್ತ ಫಾಂಟ್‌ಗಳು, ವಚನಗಳನ್ನು ಹುಡುಕಲು ಸಿಗುವಂತೆ ಮಾಡಿದ ಸಂಚಯ ತಂಡದ ಕೆಲಸ, ಎಲ್ಲ ಇದೇ ದಾರಿಯದ್ದು.

ಇವುಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟ 'ಅಲರ್'. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ತಾವೊಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಅಂತರ್ಜಾಲಕ್ಕೆ ಬಂತು. ಇದರಲ್ಲಿ ಗಮನಿಸಬೇಕಾದ್ದು ಎರಡು. ಆ ನಾಲ್ಕು ದಶಕ ಯಾರೂ ಅವರ ಬಾಗಿಲು ಬಡಿದು 'ಎನಿ ಅಪ್‌ಡೇಟ್' ಅಂತ ಕೇಳುವ ವ್ಯವಸ್ಥೆ ಇರಲಿಲ್ಲ, ಕೆಲಸ ತನ್ನ ವೇಗದಲ್ಲಿ ನಡೆಯಿತು. ಎರಡನೆಯದು, ವೆಬ್‌ಸೈಟ್, ಸರ್ವರ್, ತಾಂತ್ರಿಕ ರಗಳೆಯನ್ನೆಲ್ಲ ಷೇರು ವಹಿವಾಟಿನ ಕಂಪನಿ ಜೆರೋಧಾದ ಕೈಲಾಶ್ ನಾಥ್ ಮತ್ತು ಜೊತೆಯವರು ಹೊತ್ತುಕೊಂಡರು. ಪದ ಕಟ್ಟಿದವರ ತಲೆಗೆ ಅದನ್ನು ಕಟ್ಟಲಿಲ್ಲ. ಹವ್ಯಾಸದ ಕೆಲಸ ಬದುಕಿ ಉಳಿಯುವುದು ಹೀಗೆ ಅಂತ ನನ್ನ ಅಭಿಪ್ರಾಯ. ಹವ್ಯಾಸಿಗೆ ಹವ್ಯಾಸದ ಭಾಗ ಬಿಟ್ಟು, ಬೇಸರದ ಭಾಗವನ್ನು ಸಂಬಳ ಇರುವವರು ತೆಗೆದುಕೊಳ್ಳಬೇಕು. ಈಗ ಆಗುತ್ತಿರುವುದು ಉಲ್ಟಾ.

ನಮ್ಮಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಇವತ್ತು ನಮ್ಮ ಗದ್ದೆ ನಾಟಿಗೆ ನಿಮ್ಮ ಮನೆಯವರು ಬಂದರೆ ನಾಳೆ ನಿಮ್ಮಲ್ಲಿಗೆ ನಾವು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಬರೀ ಕರೆಸಿಕೊಂಡು ತಾವು ಮಾತ್ರ ಹೋಗದವರ ಮನೆಗೆ ಮೂರನೇ ವರ್ಷ ಯಾರೂ ಹೋಗುವುದಿಲ್ಲ. ಓಪನ್ ಸೋರ್ಸ್ ಶುರುವಾದಾಗ ಹೆಚ್ಚುಕಡಿಮೆ ಹೀಗೇ ಇತ್ತು, ಬಳಸುವವರೂ ಬರೆಯುವವರೂ ಒಂದೇ ಜನ. ಈಗ ಬಳಸುವವರು ಕಂಪನಿಗಳು, ಬರೆಯುವವರು ಮನೆಯಲ್ಲಿ ಕೂತ ಒಬ್ಬಿಬ್ಬರು, ಮುಯ್ಯಿ ತೀರಿಸುವ ಮಾತೇ ಇಲ್ಲ.

ದುಡ್ಡು ಕೊಡುವ ಪ್ರಯತ್ನಗಳು ಇಲ್ಲವೆಂದಲ್ಲ. ಜೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ನ ಫ್ಲಾಸ್ ಫಂಡ್ ಶುರು ಮಾಡಿತು. ಜರ್ಮನಿ ಸರ್ಕಾರ 2022ರಿಂದ ಸಾವರಿನ್ ಟೆಕ್ ಫಂಡ್ ಮೂಲಕ ಕೊಡುತ್ತಿದೆ. ಒಳ್ಳೆಯ ಕೆಲಸ, ಆದರೆ ನೌಕರಿಯಲ್ಲಿ ಇರುವವನಿಗೆ ಕೊರತೆ ಇರುವುದು ಸಮಯದ್ದು. ಅವನಿಗೆ ತಿಂಗಳಿಗೆ ಐದು ಸಾವಿರ ರೂಪಾಯಿ ಸ್ಪಾನ್ಸರ್ ಬಂದರೆ ರಾತ್ರಿಯ ಎರಡು ಗಂಟೆ ಹಗಲಿಗೆ ಬರುವುದಿಲ್ಲ. ದುಡ್ಡು ಬಂತಲ್ಲ, ಈಗಲಾದರೂ ಬೇಗ ಉತ್ತರ ಕೊಡಬೇಕು ಅನ್ನುವ ಹೊಸ ಅಳುಕು ಬರುತ್ತದೆ ಅಷ್ಟೆ. ನನ್ನ ಪ್ರಕಾರ ನೇರ ದಾರಿ ಅಂದರೆ ಕಂಪನಿಗಳು ತಾವು ಬಳಸುವ ಲೈಬ್ರರಿಗೆ ತಮ್ಮ ಇಂಜಿನಿಯರ್‌ಗಳ ಸಂಬಳದ ಗಂಟೆಗಳನ್ನೇ ಕೊಡುವುದು, ವಾರಕ್ಕೆ ಅರ್ಧ ದಿನ ಆದರೂ ಸರಿ, ಆಫೀಸಿನ ಹೊತ್ತಿನಲ್ಲಿ. ಆಗ ಅದು ಯಾರ ಮನೆ ಲೆಕ್ಕಕ್ಕೂ ಹೋಗುವುದಿಲ್ಲ.

ಅದು ಆಗುವವರೆಗೆ ಮೇಂಟೇನರ್ ಏನು ಮಾಡಬೇಕು? ನನ್ನ ಸ್ನೇಹಿತ ಈಗ ಕೋಡ್ ಜೊತೆ ಇರುವ ಪರಿಚಯದ ರೀಡ್‌ಮಿ ಫೈಲಿನ ಮೊದಲ ಪ್ಯಾರಾದಲ್ಲೇ ಬರೆದಿದ್ದಾನೆ: ಈ ಕೆಲಸಕ್ಕೆ ಸಂಬಳ ಇಲ್ಲ, ನವೆಂಬರ್‌ನಿಂದ ಜನವರಿವರೆಗೆ ಸುಗ್ಗಿ, ಆಗ ಉತ್ತರ ಬರುವುದಿಲ್ಲ, ಅವಸರ ಇದ್ದವರು ಪ್ಯಾಚ್ ಕಳಿಸಿ. ಯಾರೋ ಒಬ್ಬರು ಇದು ವೃತ್ತಿಪರ ನಡೆಯಲ್ಲ ಅಂತ ಬರೆದರಂತೆ. ವೃತ್ತಿ ಅಲ್ಲವಲ್ಲ ಮಾರಾಯ! ಹೆಂಡತಿಯ ಹತ್ತಿರವೂ ಮಾತಾಡಿ ವಾರಕ್ಕೆ ಒಂದು ಸಂಜೆ ಅವನದ್ದು, ಒಂದು ಸಂಜೆ ಅವರದ್ದು ಅಂತ ಮಾಡಿಕೊಂಡಿದ್ದಾರೆ. ಅವರು ಆ ಸಂಜೆ ಯಕ್ಷಗಾನದ ಭಾಗವತಿಕೆ ಕಲಿಯಲು ಹೋಗುತ್ತಾರೆ, ಮಕ್ಕಳ ಊಟ ಇವನ ಪಾಲು.

ಪೂರ್ತಿ ಬಿಡಬೇಕು ಅನಿಸಿದರೆ ಅದೂ ತಪ್ಪಲ್ಲ. ಸೌಜನ್ಯ ನೋಡಿ ಅಪರಿಚಿತರಿಗೆ ಕೀಲಿ ಕೊಟ್ಟುಬಿಡುವುದು ಮಾತ್ರ ಬೇಡ, ಎಕ್ಸ್‌ಝಡ್‌ನಲ್ಲಿ ಆದದ್ದು ಅದೇ. ನಂಬುವ ಜನ ಸಿಗದಿದ್ದರೆ ಗಿಟ್‌ಹಬ್‌ನಲ್ಲಿ ಆರ್ಕೈವ್ ಮಾಡಬಹುದು. ಆ ಬಟನ್ ಸೆಟ್ಟಿಂಗ್ಸ್ ಪುಟದ ಕೊನೆಯಲ್ಲಿ, 'ಡೇಂಜರ್ ಝೋನ್' ಅನ್ನುವ ಹೆಸರಿನ ಕೆಳಗೆ ಇದೆ, ಯಾಕೆ ಹಾಗೆ ಹೆದರಿಸುತ್ತಾರೋ. ಒತ್ತಿದರೆ ಕೋಡ್ ಎಲ್ಲಿಗೂ ಹೋಗುವುದಿಲ್ಲ. ಎಲ್ಲರೂ ಓದಬಹುದು, ಬೇಕಾದವರು ಫೋರ್ಕ್ ಮಾಡಿ, ಅಂದರೆ ತಮ್ಮದೇ ಪ್ರತಿ ತೆಗೆದುಕೊಂಡು, ಮುಂದುವರಿಸಬಹುದು, ಹೊಸ ಇಶ್ಯೂ ಹಾಕಲು ಮಾತ್ರ ಆಗುವುದಿಲ್ಲ. ಮಕ್ಕಳು ದೊಡ್ಡವರಾಗಿ ಮತ್ತೆ ಹುಮ್ಮಸ್ಸು ಬಂದರೆ ಅದೇ ಜಾಗದಲ್ಲಿ ಅನ್‌ಆರ್ಕೈವ್ ಅಂತಲೂ ಇದೆ.